ಯೋಗವೂ ಕ್ಷೇಮವೂ

ನಮ್ಮ ಹಿರಿಯರು ಕಾಗದ ಬರೆಯುವಾಗ ‘ಉಭಯ ಕುಶಲೋಪರಿ’ ಎಂದು ಆರಂಭಿಸಿ, ‘ಇತ್ತ ನಾವೆಲ್ಲರೂ ಕ್ಷೇಮವಾಗಿದ್ದೇವೆ, ನಿಮ್ಮ ಯೋಗಕ್ಷೇಮಕ್ಕೆ ಆಗಾಗ್ಗೆ ಬರೆಯುತ್ತಿರತಕ್ಕದ್ದು’ ಎಂದು ಮುಂದುವರಿಯುತ್ತಿದ್ದುದು ವಾಚಕರಲ್ಲಿ ಅನೇಕರಿಗೆ ನೆನಪಿದ್ದೀತು. ಈಗ ಕಾಗದಗಳೇ ಅಪೂರ್ವವಾಗಿವೆ. ಆದರೂ ದೂರವಾಣಿಯನ್ನು ಕಿವಿಗಿಟ್ಟೊಡನೆ ನಾವು ಮೊದಲು ಕೇಳುವುದು ಆ ಮಾತನ್ನೇ. ಮೂವತ್ತನಾಲ್ಕು ವರ್ಷಗಳ ಕಾಲ ಮಕ್ಕಳಿಗೆ ಸಂಸ್ಕೃತವನ್ನೂ ಕನ್ನಡವನ್ನೂ ಪಾಠ ಹೇಳಿದ ನಾನು ಈ ‘ಯೋಗಕ್ಷೇಮ’ವೆಂಬ ಸಮಾಸವನ್ನು ಕರಿಹಲಗೆಯ ಮೇಲೆ ಎಷ್ಟು ಸಲ ಬಿಡಿಸಿ ಬರೆದಿದ್ದೇನೋ ಲೆಕ್ಕವಿಲ್ಲ. ಯೋಗವೆಂದರೆ ಇಲ್ಲದ್ದನ್ನು ಪಡೆಯುವುದು. ಕ್ಷೇಮವೆಂದರೆ ಪಡೆದದ್ದನ್ನು ಕಾಪಾಡಿಕೊಳ್ಳುವುದು. ಗೀತೆಯ ಒಂಬತ್ತನೆಯ ಅಧ್ಯಾಯದಲ್ಲಿ ಈ ಪದವು ಬರುವ ಕಡೆ ಶಂಕರಾಚಾರ್ಯರು ಮಾಡಿದ ವಿವರಣೆಯೂ ಇದೇ. 1956ರಲ್ಲಿ ಸ್ಥಾಪಿತವಾದ ಜೀವ ವಿಮಾ ನಿಗಮವು ಆ ಶ್ಲೋಕದ ಮಾತನ್ನೇ ತನ್ನ ಧ್ಯೇಯವಾಕ್ಯವನ್ನಾಗಿ ಇಟ್ಟುಕೊಂಡಿರುವುದರಿಂದ, ಸಂಸ್ಕೃತವನ್ನು ಓದದವರ ಮನೆಯ ಕಪಾಟಿನಲ್ಲಿಯೂ ಅದು ಭದ್ರವಾಗಿ ಕುಳಿತಿದೆ.

ಸಮಾಸವನ್ನು ಬಿಡಿಸುವುದು ಬೇರೆ, ಅದರಂತೆ ಬಾಳುವುದು ಬೇರೆ. ಆ ಪದದಲ್ಲಿ ಎರಡು ಭಾಗಗಳಿವೆಯೆಂಬುದು ನನಗೆ ನಿಜವಾಗಿ ತಿಳಿದದ್ದು ಹೋದ ವರ್ಷ. ಅದೂ ನನ್ನ ಗೃಹಿಣಿಯ ಬಾಯಿಂದ.

ಸಂಗತಿ ಹೀಗಿದೆ. ನಾನು ನಿವೃತ್ತನಾದಾಗ ಒಂದಿಷ್ಟು ಹಣ ಒಟ್ಟಿಗೆ ಕೈಗೆ ಬಂದಿತು. ಅದನ್ನು ಹಾಗೆಯೇ ಕೊಂಡೊಯ್ದು ಬ್ಯಾಂಕಿನಲ್ಲಿ ಮುದ್ದತಿನ ಠೇವಣಿಯಾಗಿ ಇಟ್ಟು, ರಸೀತಿಗಳನ್ನು ಪೆಟ್ಟಿಗೆಯೊಳಗಿರಿಸಿ, ಇನ್ನು ಸಾಯುವವರೆಗೆ ಚಿಂತೆಯಿಲ್ಲವೆಂದು ಯಲಹಂಕದ ಹಳೆಯ ಪೇಟೆಯಲ್ಲಿರುವ ನಮ್ಮ ಮನೆಯ ಜಗುಲಿಯ ಮೇಲೆ ಕುಳಿತೆನು. ಎರಡು ತಿಂಗಳು ಕಳೆದಿರಲಿಲ್ಲ. ಒಂದು ಸಂಜೆ ನನ್ನ ಗೃಹಿಣಿಯು ನೆರೆಮನೆಯ ಇಬ್ಬರು ಹೆಂಗಸರೊಡನೆ ಬಂದು ಎದುರಿಗೆ ಕುಳಿತಳು. ಮೂವರೂ ಸೇರಿ ಒಂದು ಚಿಕ್ಕ ಮಳಿಗೆಯನ್ನು ಬಾಡಿಗೆಗೆ ಹಿಡಿದು, ರಾಗಿಯ ಹುರಿಹಿಟ್ಟು, ಚಟ್ನಿಪುಡಿ, ಹಪ್ಪಳಗಳನ್ನು ಮಾಡಿ ಮಾರಬೇಕೆಂದು ಸಂಕಲ್ಪಿಸಿದ್ದರು. ಮುಂಗಡಕ್ಕೂ, ಹುರಿಯುವ ಯಂತ್ರಕ್ಕೂ, ಮೊದಲ ದಾಸ್ತಾನಿಗೂ ಅವಳ ಪಾಲಿಗೆ ಎರಡು ಲಕ್ಷ ರೂಪಾಯಿ ಬೇಕಾಗಿತ್ತು.

ನಾನು ಕೂಡಲೆ ‘ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು’ ಎಂದೆನು. ನೆರೆಯವರು ಮೆಲ್ಲನೆ ಎದ್ದುಹೋದರು. ಅವಳು ಮಾತ್ರ ಏಳಲಿಲ್ಲ.

“ಕಾಲು ಚಾಚದೆ ಹಾಸಿಗೆ ಎಷ್ಟು ಉದ್ದವಿದೆಯೆಂದು ತಿಳಿಯುವುದು ಹೇಗೆ?” ಎಂದು ಕೇಳಿದಳು. ಸ್ವಲ್ಪ ಹೊತ್ತಿನ ಮೇಲೆ, “ಮನೆಪಾಠಕ್ಕೆ ಬಂದ ಮಕ್ಕಳಿಗೆಲ್ಲಾ ಯೋಗ ಬೇರೆ, ಕ್ಷೇಮ ಬೇರೆ ಎಂದು ನೀವು ಹೇಳುತ್ತಿದ್ದುದನ್ನು ಒಳಗಿನಿಂದ ಕೇಳುತ್ತಿದ್ದೆ. ಮೂವತ್ತು ವರ್ಷ ನಾನು ಈ ಮನೆಯ ಕ್ಷೇಮವನ್ನು ಕಾಯ್ದೆ. ಯೋಗದ ಪಾಳಿ ಬರುವುದು ಯಾವಾಗ?” ಎಂದಳು.

ನನ್ನಲ್ಲಿ ಉತ್ತರವಿರಲಿಲ್ಲ. ಉತ್ತರವಿಲ್ಲದಾಗ ಉಪಾಧ್ಯಾಯರು ಮಾಡುವಂತೆ, ‘ನಾಳೆ ನೋಡೋಣ’ ಎಂದು ಹೇಳಿ ಎದ್ದೆನು.

ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಈವರೆಗೆ ಯಾರೊಡನೆಯೂ ಹೇಳದ ಒಂದು ಸಂಗತಿಯನ್ನು ಇಲ್ಲಿ ಬರೆಯುತ್ತೇನೆ. ನನಗೆ ಇಪ್ಪತ್ತನಾಲ್ಕು ವರ್ಷವಾಗಿದ್ದಾಗ, ನನಗೆ ವ್ಯಾಕರಣ ಕಲಿಸಿದ ಗುರುಗಳು ನನ್ನನ್ನು ಕರೆದು, ದೂರದೂರಿನ ಒಂದು ಗ್ರಂಥಾಲಯದಲ್ಲಿ ಓಲೆಗರಿಗಳನ್ನು ಪರಿಶೋಧಿಸುವ ಕೆಲಸಕ್ಕೆ ನನ್ನ ಹೆಸರನ್ನು ಸೂಚಿಸಿರುವುದಾಗಿ ಹೇಳಿದರು. ಮೂರು ವರ್ಷದ ಅವಧಿ, ಅಲ್ಪ ವೇತನ, ತಿಳಿಯದ ಭಾಷೆ, ತಿಳಿಯದ ಊಟ. ನಾನು ಒಂದು ವಾರ ಯೋಚಿಸಿ, ‘ತಾಯಿಯವರಿಗೆ ದೇಹಾಲಸ್ಯ, ಬಿಟ್ಟು ಬರಲಾಗುವುದಿಲ್ಲ’ ಎಂದು ತಿಳಿಸಿದೆನು. ಗುರುಗಳು ನನ್ನ ಮಾತೃಭಕ್ತಿಯನ್ನು ಮೆಚ್ಚಿಕೊಂಡರು. ನಿಜವೇನೆಂದರೆ, ನನ್ನ ತಾಯಿ ಆಗ ಗಟ್ಟಿಮುಟ್ಟಾಗಿದ್ದಳು. ನಾನು ಹೊರಡುವೆನೆಂದು ನಂಬಿ ಪ್ರಯಾಣಕ್ಕೆ ಒಂದು ಡಬ್ಬ ಚಕ್ಕುಲಿಯನ್ನೂ ಮಾಡಿಟ್ಟಿದ್ದಳು. ಆ ಚಕ್ಕುಲಿಯನ್ನು ನಾವೆಲ್ಲರೂ ಮನೆಯಲ್ಲಿಯೇ ಕುಳಿತು ತಿಂದೆವು. ನನ್ನ ಭಯಕ್ಕೆ ನಾನು ತಾಯಿಯ ಸೆರಗನ್ನು ಹೊದಿಸಿದೆನು. ಅನಂತರ ಬಂದ ಉಪಾಧ್ಯಾಯ ವೃತ್ತಿಯನ್ನು ನಾನು ಪ್ರೀತಿಸಿದೆನೆಂಬುದರಲ್ಲಿ ಸಂಶಯವಿಲ್ಲ. ಅದರ ಬಗ್ಗೆ ನನಗೆ ಕೊರಗೂ ಇಲ್ಲ. ಆದರೆ ಆ ವೃತ್ತಿಗೆ ನಾನು ಆರಿಸಿಕೊಂಡು ಬಂದವನಲ್ಲ, ಓಡಿ ಬಂದವನು.

ನಮ್ಮೂರಿನಲ್ಲಿ ಹುಟ್ಟಿದವನು ಹೀಗೆ ಹೆದರಿದ್ದು ನಾಚಿಕೆಗೇಡು. ಏಕೆಂದರೆ ಊರು ಬಿಟ್ಟು ಹೊರಗೆ ಕಾಲಿಟ್ಟ ಕಥೆ ಯಲಹಂಕದ ಮಣ್ಣಿನಲ್ಲಿಯೇ ಇದೆ. ಯಲಹಂಕ ನಾಡಪ್ರಭುಗಳು ವಿಜಯನಗರದ ಅಧೀನದಲ್ಲಿ ತಲೆತಲಾಂತರದಿಂದ ಇಲ್ಲಿ ಆಳಿಕೊಂಡಿದ್ದವರು. ಕೆಂಪೇಗೌಡನಿಗೆ ಮನೆಯಿತ್ತು, ಜನವಿತ್ತು, ಹೆಸರಿತ್ತು. ಅವನು ಕೈಕಾಲು ಅಲ್ಲಾಡಿಸದೆ ಕುಳಿತಿದ್ದರೂ ಯಾರೂ ಬಯ್ಯುತ್ತಿರಲಿಲ್ಲ. ಆದರೂ ಅವನು ತಾತಂದಿರ ಊರನ್ನು ಬಿಟ್ಟು ದಕ್ಷಿಣಕ್ಕೆ ಹೋಗಿ, 1537ರಲ್ಲಿ ಮಣ್ಣಿನ ಕೋಟೆಯೊಂದನ್ನು ಕಟ್ಟಿಸಿ ಬೆಂಗಳೂರಿಗೆ ಅಸ್ತಿಭಾರ ಹಾಕಿದನು. ಬೆಂಗಳೂರೆಂಬ ಹೆಸರು ಅದಕ್ಕೂ ಆರು ಶತಮಾನಗಳಿಗಿಂತ ಹಿಂದೆಯೇ ಬೇಗೂರಿನ ವೀರಗಲ್ಲಿನಲ್ಲಿ ಇದೆ; ಆದರೆ ಆ ಹೆಸರಿಗೆ ಪೇಟೆಯನ್ನೂ ನೀರನ್ನೂ ಕೊಟ್ಟವನು ಇವನು.

ನಾವು ಸಾಮಾನ್ಯವಾಗಿ ಅವನ ಧೈರ್ಯವನ್ನು ಹೊಗಳಿ ಅಲ್ಲಿಗೆ ನಿಲ್ಲಿಸುತ್ತೇವೆ. ಅವನ ಸಿದ್ಧತೆಯನ್ನು ನೋಡಬೇಕು. ಮೊದಲು ಚಕ್ರವರ್ತಿಯಾದ ಅಚ್ಯುತರಾಯನ ಅನುಮತಿಯನ್ನು ಪಡೆದನೆಂದು ಇತಿಹಾಸಕಾರರು ಹೇಳುತ್ತಾರೆ. ದೊಡ್ಡಪೇಟೆ, ಚಿಕ್ಕಪೇಟೆಗಳು ಸಂಧಿಸುವಲ್ಲಿ ನಿಂತು ನಾಲ್ಕು ದಿಕ್ಕಿಗೂ ನೇಗಿಲು ಹೂಡಿಸಿ ಬೀದಿಗಳನ್ನು ಗುರುತಿಸಿದನೆಂದು ಪ್ರತೀತಿ. ಅಕ್ಕಿಗೊಂದು ಪೇಟೆ, ರಾಗಿಗೊಂದು ಪೇಟೆ, ಅರಳೆಗೊಂದು ಪೇಟೆ ಎಂದು ಕಸುಬುಗಾರರಿಗೂ ವರ್ತಕರಿಗೂ ಸ್ಥಳ ಗೊತ್ತುಮಾಡಿದನು. ಹತ್ತಿರದಲ್ಲಿ ದೊಡ್ಡ ಹೊಳೆಯಿಲ್ಲದ ನೆಲವಾದ್ದರಿಂದ ಕೆರೆಗಳನ್ನು ಕಟ್ಟಿಸಿದನು. ಕೆಂಪಾಂಬುಧಿ ಇಂದಿಗೂ ಇದೆ. ಧರ್ಮಾಂಬುಧಿ ಇದ್ದ ಸ್ಥಳದಲ್ಲಿ ಈಗ ಅವನ ಹೆಸರಿನದೇ ಬಸ್ ನಿಲ್ದಾಣವಿದೆ. ಹೀಗೆ ಅನುಮತಿ, ಅಳತೆ, ಜನ, ನೀರು ಎಲ್ಲವನ್ನೂ ಯೋಚಿಸಿ ಇಟ್ಟ ಹೆಜ್ಜೆ ಅದು.

ಅದೇ ಕೆಂಪೇಗೌಡನು ಇನ್ನೊಂದು ಹೆಜ್ಜೆಯನ್ನೂ ಇಟ್ಟನು. ಚಕ್ರವರ್ತಿಯ ಅಪ್ಪಣೆಯಿಲ್ಲದೆ ತನ್ನದೇ ನಾಣ್ಯವನ್ನು ಟಂಕಿಸಿದನು. ಅದಕ್ಕಾಗಿ ಆನೆಗೊಂದಿಯಲ್ಲಿ ಐದು ವರ್ಷ ಸೆರೆಯಲ್ಲಿರಬೇಕಾಯಿತೆಂದು ಹೇಳುತ್ತಾರೆ. ಒಬ್ಬನೇ ಮನುಷ್ಯ, ಒಂದೇ ಧೈರ್ಯ. ಒಂದು ಹೆಜ್ಜೆ ನಗರವಾಯಿತು, ಇನ್ನೊಂದು ಸಂಕೋಲೆಯಾಯಿತು. ಆದುದರಿಂದ ಧೈರ್ಯವೊಂದೇ ಸಾಕೆಂದು ಬೋಧಿಸುವವರ ಮಾತನ್ನು ನಾನು ಒಪ್ಪುವುದಿಲ್ಲ.

ನಮ್ಮ ಪೂರ್ವಿಕರೂ ಒಪ್ಪಿರಲಿಲ್ಲ. ‘ಸಾಹಸ’ವೆಂಬ ಶಬ್ದವನ್ನು ನೋಡಿರಿ. ಕನ್ನಡದಲ್ಲಿ ಇದು ಹೊಗಳಿಕೆಯ ಮಾತು. ಆದರೆ ‘ಸಹಸ್’ ಎಂದರೆ ಬಲ. ಬಲಾತ್ಕಾರದಿಂದ ಮಾಡಿದ ಕೃತ್ಯವು ಸಾಹಸ. ಧರ್ಮಶಾಸ್ತ್ರಗಳಲ್ಲಿ ಅದು ಒಂದು ಅಪರಾಧದ ಹೆಸರು. ಮನುಸ್ಮೃತಿಯ ಎಂಟನೆಯ ಅಧ್ಯಾಯದಲ್ಲಿ ದಂಡವನ್ನು ಪ್ರಥಮ ಸಾಹಸ, ಮಧ್ಯಮ ಸಾಹಸ, ಉತ್ತಮ ಸಾಹಸವೆಂದು ಮೂರು ತರಗತಿಯಾಗಿ ವಿಂಗಡಿಸಿ, ಕ್ರಮವಾಗಿ 250, 500, 1000 ಪಣಗಳನ್ನು ವಿಧಿಸಿದೆ. ಅಪರಾಧದ ಹೆಸರು ಹೇಗೆ ಹೊಗಳಿಕೆಯಾಯಿತು? ಬಲವನ್ನು ಪರರ ಮೇಲೆ ಪ್ರಯೋಗಿಸಿದರೆ ಅದು ಶಾಸ್ತ್ರದ ಸಾಹಸ. ಪರರಿಗಾಗಿ ತನ್ನನ್ನೇ ಒಡ್ಡಿಕೊಂಡರೆ ಅದು ನಮ್ಮ ಕನ್ನಡದ ಸಾಹಸ ಎಂದು ನಾನು ತಿಳಿದುಕೊಂಡಿದ್ದೇನೆ. ನಮ್ಮ ನೆರೆಯ ಹೆಬ್ಬಾಳದಲ್ಲಿ ಸುಮಾರು ಕ್ರಿ. ಶ. 750ರ, ಗಂಗ ಶ್ರೀಪುರುಷನ ಕಾಲದ ವೀರಗಲ್ಲೊಂದು ಇತ್ತೀಚೆಗೆ ಮಣ್ಣಿನಿಂದ ಹೊರಬಂದಿತು. ನಾಡಿನ ಮೇಲೆ ದಾಳಿ ಬಂದಾಗ ಹೋರಾಡಿ ಮಡಿದ ಕಿತ್ತಯನೆಂಬವನ ಸ್ಮಾರಕ ಅದು. ಸಾವಿರದ ಇನ್ನೂರು ವರ್ಷಗಳ ಮೇಲೆಯೂ ಅವನ ಹೆಸರು ಓದಬರುತ್ತದೆ. ಗೃಹಸ್ಥರಾದ ನಮ್ಮನ್ನು ಯಾರೂ ಅಷ್ಟು ದೊಡ್ಡ ಬೆಲೆಯನ್ನು ಕೇಳುವುದಿಲ್ಲ. ನಮ್ಮನ್ನು ಕೇಳುವುದು ಬಹುಮಟ್ಟಿಗೆ ಒಂದಿಷ್ಟು ಹಣ, ಒಂದಿಷ್ಟು ಮಾನ. ಅದನ್ನು ಕೊಡುವುದಕ್ಕೇ ನಮ್ಮ ಕೈ ನಡುಗುತ್ತದೆ.

ಮಾನವನ್ನು ಪಣವಿಟ್ಟು ಗೆದ್ದ ಒಂದು ಉದಾಹರಣೆಯೂ ನಮ್ಮ ಸಮೀಪದಲ್ಲಿದೆ. ಯಶವಂತಪುರದ ಮಗ್ಗುಲಲ್ಲಿರುವ, 1909ರಲ್ಲಿ ಸ್ಥಾಪಿತವಾಗಿ ಜನರ ಬಾಯಲ್ಲಿ ಟಾಟಾ ಇನ್‌ಸ್ಟಿಟ್ಯೂಟ್ ಎನಿಸಿಕೊಂಡಿರುವ ಭಾರತೀಯ ವಿಜ್ಞಾನ ಸಂಸ್ಥೆಗೆ 1933ರಲ್ಲಿ ಕಮಲಾ ಭಾಗವತ್ ಎಂಬ ತರುಣಿ ಬಂದಳು. ಮುಂಬಯಿ ವಿಶ್ವವಿದ್ಯಾನಿಲಯದ ಪರೀಕ್ಷೆಯಲ್ಲಿ ಉನ್ನತ ಸ್ಥಾನ ಪಡೆದವಳು. ಹೆಣ್ಣೆಂಬ ಕಾರಣದಿಂದ ಆಕೆಗೆ ಪ್ರವೇಶ ನಿರಾಕೃತವಾಯಿತು. ಆಗ ಅಲ್ಲಿ ನಿರ್ದೇಶಕರಾಗಿದ್ದವರು ಸಾಕ್ಷಾತ್ ಸರ್ ಸಿ. ವಿ. ರಾಮನ್ ಅವರು. ಅಂಥವರು ‘ಇಲ್ಲ’ ಎಂದ ಮೇಲೆ ಹಿಂದಿರುಗಿ ಹೋಗುವುದೇ ಕ್ಷೇಮದ ದಾರಿ. ಆಕೆ ಹಿಂದಿರುಗಲಿಲ್ಲ, ಕಾರಣ ಕೇಳುತ್ತ ನಿಂತಳು. ಕಡೆಗೆ ಒಂದು ವರ್ಷದ ಪರೀಕ್ಷಾವಧಿಯ ಮೇಲೆ, ಅವಮಾನಕರವೆನ್ನಬಹುದಾದ ನಿಬಂಧನೆಗಳಿಗೆ ಒಳಪಟ್ಟು ಪ್ರವೇಶ ದೊರೆಯಿತು. ಆಕೆ ಅವನ್ನು ನುಂಗಿಕೊಂಡು, ಶ್ರೀನಿವಾಸಯ್ಯನವರ ಮಾರ್ಗದರ್ಶನದಲ್ಲಿ ಹಾಲು, ಬೇಳೆಕಾಳುಗಳ ಪೌಷ್ಟಿಕ ಸತ್ತ್ವವನ್ನು ಕುರಿತು ಕೆಲಸ ಮಾಡಿದಳು. ವರ್ಷ ತುಂಬಿದಾಗ ರಾಮನ್ನರೇ ತೃಪ್ತರಾದರು. ಅನಂತರ ಬೇರೆ ಹೆಣ್ಣುಮಕ್ಕಳಿಗೂ ಅಲ್ಲಿ ಬಾಗಿಲು ತೆರೆಯಿತು. 1939ರಲ್ಲಿ ಆಕೆ ಕೇಂಬ್ರಿಜ್ಜಿನಿಂದ ಡಾಕ್ಟರ್ ಪದವಿಯನ್ನು ಪಡೆದು, ಮುಂದೆ ಡಾಕ್ಟರ್ ಕಮಲಾ ಸೊಹೋನಿಯೆಂದು ಪ್ರಸಿದ್ಧಳಾದಳು. ಆಕೆಯ ಕಥೆಯಲ್ಲಿ ನನ್ನನ್ನು ಚುಚ್ಚುವ ಅಂಶವೊಂದಿದೆ. ಆಕೆಗೆ ಬಾಗಿಲು ಮುಚ್ಚಿತ್ತು, ತಟ್ಟಿದಳು. ನನಗೆ ಬಾಗಿಲು ತೆರೆದಿತ್ತು, ನಾನೇ ಮುಚ್ಚಿಕೊಂಡೆನು.

ಹಾಗಾದರೆ ಕ್ಷೇಮವು ತುಚ್ಛವೇ? ಎಂದಿಗೂ ಅಲ್ಲ. ಈ ವಿಷಯದಲ್ಲಿ ನನಗೆ ಗುರುವಾದವನು ನನ್ನ ತಾತ. ಅವನು ಓದಿದವನಲ್ಲ, ಯಲಹಂಕದ ಉತ್ತರಕ್ಕಿರುವ ಹಳ್ಳಿಯೊಂದರಲ್ಲಿ ರಾಗಿ ಬೆಳೆಯುತ್ತಿದ್ದವನು. ನಮ್ಮ ಮನೆಯ ಮುಂದೆ ಹಗೇವು ಇತ್ತು. ಕಿರಿದಾದ ಬಾಯಿ, ಅಗಲವಾದ ಹೊಟ್ಟೆಯ ನೆಲದ ಕಣಜ; ಒಳಗೆ ಹುಲ್ಲು ಹಾಸಿ ರಾಗಿ ತುಂಬಿ, ಚಪ್ಪಡಿ ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ವರ್ಷಗಟ್ಟಲೆ ರಾಗಿ ಕೆಡುತ್ತಿರಲಿಲ್ಲ. ಬರಗಾಲದಲ್ಲಿ ಪ್ರಾಣ ಉಳಿಸಿದ್ದೇ ಅದು. ಇದು ಕ್ಷೇಮ. ಆದರೆ ಪ್ರತಿವರ್ಷವೂ ಮುಂಗಾರಿನಲ್ಲಿ ತಾತನು ಬಿತ್ತನೆಗೆಂದು ಇರಿಸಿದ್ದ ಕಾಳನ್ನು ತೆಗೆದು, ಮಳೆ ಬರುವುದೋ ಇಲ್ಲವೋ ತಿಳಿಯದೆ ನೆಲಕ್ಕೆ ಚೆಲ್ಲುತ್ತಿದ್ದನು. ಇದು ಯೋಗ. ಬಿತ್ತದೆ ಉಂಡರೆ ಹಗೇವು ಎಷ್ಟು ದಿನ ಬಂದೀತು? ಕೂತು ತಿನ್ನುವವನಿಗೆ ಕುಡಿಕೆ ಹೊನ್ನು ಸಾಲದೆಂಬ ಗಾದೆ ಹುಟ್ಟಿದ್ದು ಸುಮ್ಮನೆ ಅಲ್ಲ. ಮತ್ತೊಂದು ವಿಷಯ: ಬಹುಕಾಲ ಮುಚ್ಚಿಟ್ಟ ಹಗೇವಿಗೆ ಕೂಡಲೆ ಯಾರನ್ನೂ ಇಳಿಸುತ್ತಿರಲಿಲ್ಲ. ಒಳಗಿನ ಗಾಳಿ ವಿಷವಾಗಿರುತ್ತದೆ. ಬಾಯಿ ತೆರೆದು ಬಹಳ ಹೊತ್ತು ಬಿಟ್ಟು, ದೀಪವನ್ನು ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಮನುಷ್ಯನನ್ನು ಇಳಿಸುತ್ತಿದ್ದರು. ತೆರೆಯದೆ ಇಟ್ಟ ಕ್ಷೇಮದಲ್ಲಿಯೂ ವಿಷವಾಯು ಸೇರುತ್ತದೆಂಬುದನ್ನು ನನ್ನ ಅನುಭವದಿಂದ ಹೇಳಬಲ್ಲೆ.

ಬಿತ್ತುವಾಗಲೂ ತಾತನು ಕುರುಡಾಗಿ ಬಿತ್ತುತ್ತಿರಲಿಲ್ಲ. ರಾಗಿಯ ನಡುನಡುವೆ ಅಕ್ಕಡಿ ಸಾಲುಗಳನ್ನು ಹಾಕುತ್ತಿದ್ದನು: ಅವರೆ, ತೊಗರಿ, ಜೋಳ, ಹುಚ್ಚೆಳ್ಳು. ನಮ್ಮ ಸೀಮೆಯ ರೈತರಿಗೆಲ್ಲಾ ಇದು ಗೊತ್ತು. ರಾಗಿಯ ಬೇರು ಮೇಲುಮೇಲಿನದು, ತೊಗರಿಯ ಬೇರು ಆಳಕ್ಕಿಳಿಯುವಂಥದು. ಮಳೆ ನಡುವೆ ಕೈಕೊಟ್ಟು ರಾಗಿ ಸೊರಗಿದರೂ ತೊಗರಿ ತಡೆದುಕೊಳ್ಳುತ್ತದೆ. ಮಾಗಿಯ ಇಬ್ಬನಿಗೆ ಅವರೆ ಹೂ ಬಿಡುತ್ತದೆ. ಅವರೆ ತೊಗರಿಗಳು ನೆಲಕ್ಕೆ ಸಾರಜನಕವನ್ನು ಸೇರಿಸುತ್ತವೆಂದು ಈಗಿನ ಕೃಷಿಶಾಸ್ತ್ರವೂ ಹೇಳುತ್ತದೆ. ಹೊಲವೆಲ್ಲವನ್ನೂ ಒಂದೇ ಬೆಳೆಯ ಮೇಲೆ ಪಣವಿಡದೆ, ಹಾಗೆಂದು ಬೀಳುಬಿಡದೆ ಬಿತ್ತುವ ವಿದ್ಯೆ ಇದು.

ಬೆಳಗಿನ ಜಾವಕ್ಕೆ ನನಗೆ ದಾರಿ ಕಂಡಿತು. ಎದ್ದು ಗೃಹಿಣಿಗೆ ಮೊದಲು ಚಕ್ಕುಲಿಯ ಕಥೆಯನ್ನು ಹೇಳಿದೆನು. ಅವಳು ನಗಲಿಲ್ಲ, “ಅತ್ತೆಯವರಿಗೆ ಗೊತ್ತಿತ್ತೆ?” ಎಂದು ಮಾತ್ರ ಕೇಳಿದಳು. ಗೊತ್ತಿದ್ದಿರಬೇಕು ಎಂದೆನು. ಆಮೇಲೆ ಇಬ್ಬರೂ ಕಾಗದ ಪೆನ್ಸಿಲು ಹಿಡಿದು ಕುಳಿತೆವು. ಔಷಧಕ್ಕೂ ಊಟಕ್ಕೂ ಬೇಕಾದ ಹಣವನ್ನು ಮುಟ್ಟಕೂಡದು, ಸಾಲ ಮಾಡಕೂಡದು, ಹೋದರೆ ಹೋಗಲಿ ಎನ್ನಬಹುದಾದ ಎರಡು ಲಕ್ಷಕ್ಕಿಂತ ಒಂದು ಕಾಸೂ ಹೆಚ್ಚು ಹಾಕಕೂಡದು, ಮೊದಲು ಒಂದೇ ಪದಾರ್ಥವಲ್ಲ, ಮೂರು ಪದಾರ್ಥ, ಮುಂದಿನ ಯುಗಾದಿಗೆ ಲೆಕ್ಕ ನೋಡಿ, ಬಾಡಿಗೆಯೂ ಹುಟ್ಟದಿದ್ದರೆ ಅಳದೆ ಮುಚ್ಚತಕ್ಕದ್ದು. ಇಷ್ಟನ್ನೂ ಬರೆದು ಮೂವರು ಹೆಂಗಸರೂ ರುಜು ಹಾಕಿದರು. ಕಡೆಗೆ ಅವಳು ತನ್ನ ಕೈಯಿಂದಲೇ ಇನ್ನೊಂದು ಸಾಲನ್ನು ಸೇರಿಸಿದಳು: ‘ಸಂಜೆಯ ಹೊತ್ತು ಮಳಿಗೆಯಲ್ಲಿ ಮೇಷ್ಟ್ರು ಕುಳಿತುಕೊಳ್ಳುವುದು.’

ಹಣ ಕೊಡುವುದಕ್ಕಿಂತ ಇದು ಕಷ್ಟವಾಯಿತು. ಯಶವಂತಪುರದ ಮಂಡಿಗೆ ಹೋಗಿ ರಾಗಿಯ ಧಾರಣೆ ವಿಚಾರಿಸುವುದನ್ನು ಕಲಿತೆನು. ಆದರೆ ತಕ್ಕಡಿಯ ಹಿಂದೆ ಕುಳಿತು ‘ಬನ್ನಿ, ಕೊಳ್ಳಿ’ ಎನ್ನಲು ಗಂಟಲು ಏಳಲಿಲ್ಲ. ಮೂವತ್ತನಾಲ್ಕು ವರ್ಷ ನಾನು ಕುರ್ಚಿಯಲ್ಲಿ ಕುಳಿತಿದ್ದೆ, ಎದುರಿಗಿದ್ದವರು ಎದ್ದು ನಿಲ್ಲುತ್ತಿದ್ದರು. ಮೊದಲನೆಯ ವಾರವೇ ನನ್ನ ಹಳೆಯ ಶಿಷ್ಯನೊಬ್ಬನು ಮಳಿಗೆಯ ಮುಂದೆ ನಿಂತು, ಆಶ್ಚರ್ಯದಿಂದ “ಮೇಷ್ಟ್ರೇ, ತಾವು ಇಲ್ಲಿ?” ಎಂದನು. ‘ಸುಮ್ಮನೆ, ಪರಿಚಯದವರ ಅಂಗಡಿ’ ಎಂಬ ಉತ್ತರ ನಾಲಗೆಯ ತುದಿಗೆ ಬಂದಿತ್ತು. ನನ್ನ ಮಾನವನ್ನು ಉಳಿಸಲು ಅದೊಂದು ಸಣ್ಣ ಸುಳ್ಳು ಸಾಕಾಗಿತ್ತು. ಅಷ್ಟರಲ್ಲಿ ಚಕ್ಕುಲಿಯ ಡಬ್ಬ ನೆನಪಾಯಿತು. “ಇದು ನಮ್ಮ ಅಂಗಡಿಯಪ್ಪಾ. ನನ್ನ ಹೆಂಡತಿ ಮಾಡಿದ ಹುರಿಹಿಟ್ಟು. ಕೊಳ್ಳುತ್ತೀಯಾ?” ಎಂದೆನು. ಅವನು ಅರ್ಧ ಕಿಲೋ ಕೊಂಡನು. ಆ ಹಣವನ್ನು ಎಣಿಸುವಾಗ ನನ್ನ ಕೈ ನಡುಗುತ್ತಿದ್ದುದು ಅವನಿಗೆ ಕಾಣಿಸಿತೋ ಇಲ್ಲವೋ ತಿಳಿಯದು. ನನಗೆ ಮಾತ್ರ ಇಪ್ಪತ್ತನಾಲ್ಕನೆಯ ವಯಸ್ಸಿನ ಸಾಲವೊಂದರಲ್ಲಿ ಸ್ವಲ್ಪ ತೀರಿದಂತಾಯಿತು.

ವಾಚಕರು ಈಗ ಲಾಭವೆಷ್ಟೆಂದು ಕೇಳುವರು. ಮರೆಮಾಚದೆ ಹೇಳುತ್ತೇನೆ: ಮೊದಲ ಮೂರು ತಿಂಗಳು ನಷ್ಟ. ಮಳೆಗಾಲದಲ್ಲಿ ಹನ್ನೊಂದು ಕಿಲೋ ಹಿಟ್ಟಿಗೆ ತೇವ ಹಿಡಿದು ಚೆಲ್ಲಬೇಕಾಯಿತು. ಆ ದಿನ ಮೂವರು ಹೆಂಗಸರೂ ಊಟ ಮಾಡಲಿಲ್ಲ. ಹಪ್ಪಳ ಯಾರಿಗೂ ಬೇಡವಾಯಿತು. ಆದರೆ ಯಾರೂ ಎಣಿಸದಿದ್ದ ಚಟ್ನಿಪುಡಿ ಅಕ್ಕಡಿಯ ಅವರೆಯಂತೆ ಕೈಹಿಡಿಯಿತು. ಈಗ ಬಾಡಿಗೆ ಹುಟ್ಟಿ ಮೇಲೆ ಚೂರು ಉಳಿಯುತ್ತಿದೆ. ಯುಗಾದಿಗೆ ಇನ್ನೂ ಕೆಲವು ತಿಂಗಳಿದೆ. ಮುಚ್ಚುವೆವೋ ಮುಂದುವರಿಸುವೆವೋ ನಾನು ಬಲ್ಲವನಲ್ಲ. ಹಿಂದೆ ಇಂಥ ಅನಿಶ್ಚಯದಲ್ಲಿ ನನಗೆ ನಿದ್ರೆ ಬರುತ್ತಿರಲಿಲ್ಲ. ಈಗ ಸಂಜೆಯೆಲ್ಲಾ ನಿಂತು ದಣಿದು ಚೆನ್ನಾಗಿ ನಿದ್ರಿಸುತ್ತೇನೆ.

ನಿಮ್ಮ ಮನೆಯಲ್ಲಿಯೂ ಯಾರಾದರೂ ಹೊಸದೊಂದನ್ನು ಮಾಡಬೇಕೆಂದು ಎದುರಿಗೆ ಬಂದು ಕುಳಿತಾರು. ಮಗನಾಗಬಹುದು, ಸೊಸೆಯಾಗಬಹುದು, ವಯಸ್ಸಾದ ತಾಯಿಯೂ ಆಗಬಹುದು. ಕೂಡಲೆ ಹಾಸಿಗೆಯ ಗಾದೆಯನ್ನು ಹೇಳಿ ಎದ್ದುಹೋಗಬೇಡಿರಿ; ಕೂಡಲೆ ಪೆಟ್ಟಿಗೆಯ ಬೀಗವನ್ನು ಕೊಡಲೂ ಬೇಡಿರಿ. ಹಗೇವಿನಲ್ಲಿ ಎಷ್ಟಿದೆ, ಬಿತ್ತನೆಗೆ ಎಷ್ಟು, ಅಕ್ಕಡಿಗೆ ಏನು ಎಂದು ಜತೆಯಲ್ಲಿ ಕುಳಿತು ಲೆಕ್ಕ ಹಾಕಿರಿ. ‘ಬೇಡ’ ಎನ್ನಬೇಕಾಗಿ ಬಂದರೆ ಅನ್ನಿರಿ; ಆದರೆ ನಿಮ್ಮ ಭಯವನ್ನು ಇನ್ನೊಬ್ಬರ ಹೆಸರಿನಲ್ಲಿ ಹೇಳಬೇಡಿರಿ. ಆ ಡಬ್ಬದ ಚಕ್ಕುಲಿ ತಿಂದವನಾದ ನನ್ನ ಮಾತು ಇಷ್ಟೇ.

ಇತ್ತ ನಾವೆಲ್ಲರೂ ಕ್ಷೇಮ. ಸ್ವಲ್ಪ ಯೋಗದಲ್ಲಿಯೂ ಇದ್ದೇವೆ. ನಿಮ್ಮ ಮನೆಗಳಲ್ಲಿ ಎರಡೂ ಇರಲೆಂದು ಹಾರೈಸುತ್ತೇನೆ.